ಜೋಗದ ಶನಿವಾರಗಳು

ರಸ್ತೆ ಬದಿಯಲ್ಲಿ ಜೋಳ ಸುಡುವ ವಾಸನೆ ಬಂತೆಂದರೆ ನಮ್ಮೂರಿಗೆ ಮಳೆಗಾಲದ ಶನಿವಾರ ಬಂತು ಎಂದೇ ಅರ್ಥ. ಮೊನ್ನೆ ಅಕ್ಕನನ್ನು ನೋಡಲು ಭದ್ರಾವತಿಗೆ ಹೊರಟಿದ್ದೆ. ಬಸ್ಸು ಬಿ.ಎಚ್. ರಸ್ತೆಯಲ್ಲಿ ನಿಂತು ನಿಂತು ಹೋಗುತ್ತಿತ್ತು. ಎದುರಿನಿಂದ ಬೆಂಗಳೂರಿನ ಕಾರುಗಳು ಒಂದರ ಬಾಲಕ್ಕೆ ಒಂದು ಬರುತ್ತಿದ್ದವು. ಕಿಟಕಿಯಲ್ಲಿ ಕೆಂಡದ ಹೊಗೆ ನುಗ್ಗಿತು, ಅದರ ಹಿಂದೆಯೇ ನಿಂಬೆಹಣ್ಣು, ಖಾರದಪುಡಿ ಉಜ್ಜಿದ ಬಿಸಿ ಜೋಳದ ವಾಸನೆ. ಪಕ್ಕದ ಸೀಟಿನ ಹೆಂಗಸು, “ಜೋಗ ತುಂಬಿದೆಯಂತೆ ಕಣ್ರೀ, ಇನ್ನೆರಡು ತಿಂಗಳು ನಮ್ಮ ಗತಿ ಇಷ್ಟೇ” ಎಂದರು. ನಾನು ಹೂಂ ಎಂದು ಸೆರಗನ್ನು ಮೂಗಿಗೆ ಹಿಡಿದುಕೊಂಡೆ. ಆ ವಾಸನೆ ಕೆಟ್ಟದ್ದಲ್ಲ, ಯಾರಿಗಾದರೂ ಬಾಯಲ್ಲಿ ನೀರು ಬರಬೇಕು. ನನಗೆ ಮಾತ್ರ ಎರಡು ವರ್ಷದ ಹಿಂದಿನ ಆಷಾಢ ನೆನಪಾಗುತ್ತದೆ.

ನಮ್ಮ ಮನೆ ಇರುವುದು ಶಿವಮೊಗ್ಗದ ದುರ್ಗಿಗುಡಿಯಲ್ಲಿ, ಎರಡು ಸ್ಕೂಟರು ಎದುರುಬದುರಾದರೆ ಒಂದು ಚರಂಡಿಯ ಕಡೆ ಸರಿಯಬೇಕಾದಷ್ಟು ಸಣ್ಣ ಅಡ್ಡರಸ್ತೆಯಲ್ಲಿ. ಮೊದಲು ಅಲ್ಲಿಗೆ ತರಕಾರಿ ಗಾಡಿ, ಹಾಲಿನವನು, ನೆಂಟರು ಬಿಟ್ಟರೆ ಯಾರೂ ಬರುತ್ತಿರಲಿಲ್ಲ. ಈಗ ಫೋನಿನ ಮ್ಯಾಪು ಅದನ್ನು ಸಿಗ್ನಲ್ ತಪ್ಪಿಸುವ ಒಳದಾರಿ ಎಂದು ತೋರಿಸುತ್ತದೆಯಂತೆ. ಜೋಗಕ್ಕೆ ಹೋಗುವವರು ಶನಿವಾರ ಬೆಳಗಾದರೆ ಅಷ್ಟಗಲದ ಕಾರುಗಳನ್ನು ತಂದು ಅದರೊಳಗೆ ತುರುಕುತ್ತಾರೆ. ಮುಂದೆ ಹೋಗಲಾಗುವುದಿಲ್ಲ, ಹಿಂದೆ ಬರಲು ಗೊತ್ತಿಲ್ಲ. ನಮ್ಮ ಕಾಂಪೌಂಡಿನ ಮೂಲೆಯ ನಲ್ಲಿ ಆ ವರ್ಷ ಎರಡು ಸಲ ಮುರಿದಿತ್ತು. ಹೋಗುವಾಗ ಚಿಪ್ಸಿನ ಖಾಲಿ ಪೊಟ್ಟಣ, ಬರುವಾಗ ಮಗುವಿನ ಡೈಪರು ರಂಗೋಲಿಯ ಮೇಲೆ ಬಿದ್ದಿರುತ್ತಿದ್ದವು.

ಒಮ್ಮೆ ಒಬ್ಬ ನಮ್ಮ ಗೇಟಿಗೆ ಸರಿಯಾಗಿ ಅಡ್ಡ ನಿಲ್ಲಿಸಿ ದೋಸೆ ತಿನ್ನಲು ಹೋಗಿದ್ದ. ನಮ್ಮ ಯಜಮಾನರಿಗೆ ಅಂಗಡಿ ತೆರೆಯುವ ಹೊತ್ತು. ಅವರು ಕೂಗಾಡುವವರಲ್ಲ. ಒಂದು ಕುರ್ಚಿ ತಂದು ಆ ಕಾರಿನ ಪಕ್ಕ ಹಾಕಿಕೊಂಡು ಪೇಪರ್ ಹಿಡಿದು ಕೂತರು. ಮುಕ್ಕಾಲು ಗಂಟೆಯ ಮೇಲೆ ಅವನು ಬಂದು, “ಸಾರಿ ಅಂಕಲ್, ಒಂದು ಹಾರ್ನ್ ಹೊಡೆಯೋದಲ್ವಾ?” ಎಂದ.

“ನನ್ನ ಸ್ಕೂಟರು ಒಳಗಿದೆ, ನಿನ್ನ ಕಿವಿ ಹೋಟೆಲಿನಲ್ಲಿದೆ. ಯಾರಿಗೆ ಹೊಡೀಲಪ್ಪ?” ಎಂದು ಕುರ್ಚಿ ಮಡಚಿದರು. “ದೋಸೆ ಚೆನ್ನಾಗಿತ್ತಾ?”

ಅವನು ಚೆನ್ನಾಗಿತ್ತು ಎಂದು ಹೇಳಿ ಹೋದ. ಇದನ್ನು ಭಾವನಿಗೆ ಫೋನಿನಲ್ಲಿ ಹೇಳಿದಾಗ ಅವರು ಬಹಳ ಹೊತ್ತು ನಕ್ಕಿದ್ದರು. “ಅವರಿಗೆ ವಾರಕ್ಕೆ ಒಂದೇ ದಿನ ಬಿಡುವು ಕಣೇ ಗಿರಿಜಾ. ನಮಗೆ ದಿನಾ ಮಳೆ, ದಿನಾ ಹೊಳೆ. ಅವರು ನೀರು ನೋಡೋಕೆ ಅಷ್ಟು ದೂರದಿಂದ ಬರ್ತಾರೆ, ಪಾಪ” ಎಂದಿದ್ದರು.

ಭಾವ ಅಂದರೆ ನನ್ನ ಶಾಂತಕ್ಕನ ಗಂಡ. ನಮ್ಮ ಅಪ್ಪ ಹೋದಾಗ ನಾನಿನ್ನೂ ಏಳನೇ ಕ್ಲಾಸು. ನನ್ನನ್ನು ಭದ್ರಾವತಿಯ ತಮ್ಮ ಕ್ವಾರ್ಟರ್ಸಿಗೆ ಕರೆದುಕೊಂಡು ಹೋಗಿ ಓದಿಸಿದವರು, ಮದುವೆ ಮಾಡಿ ಕಳಿಸಿದವರು ಅವರೇ. ಅವರಿಗೆ ಮಕ್ಕಳಾಗಲಿಲ್ಲ. ನಾನೇ ಇದ್ದೆ. ಕಬ್ಬಿಣದ ಕಾರ್ಖಾನೆಯ ಕುಲುಮೆಯ ಮುಂದೆ ಮೂವತ್ತು ವರ್ಷ ದುಡಿದು ಮೈಯೆಲ್ಲ ಒಣಗಿದ ಹಾಗಿದ್ದರೂ ಮಾತು ಮಾತ್ರ ತಣ್ಣಗಿರುತ್ತಿತ್ತು.

ಆ ಕಾರ್ಖಾನೆಯವರ ಒಂದು ಅಭ್ಯಾಸವನ್ನು ಇಲ್ಲಿ ಹೇಳಬೇಕು. ನಾನು ಹುಡುಗಿಯಾಗಿದ್ದಾಗ ಪಾಳಿ ಬಿಟ್ಟ ಸೈರನ್ ಆದ ಕೂಡಲೇ ಗೇಟಿನಿಂದ ಸೈಕಲ್ಲು, ಜನ ಹೊಳೆಯ ಹಾಗೆ ಹೊರಗೆ ಬರುತ್ತಿದ್ದರು. ಎಲ್ಲರಿಗಿಂತ ಮುಂದಿದ್ದವನು ಎಡಗೈ ಮೇಲೆತ್ತಿ ರಸ್ತೆಗೆ ಇಳಿಯುತ್ತಿದ್ದ, ಅಷ್ಟೇ. ಆ ಕಡೆ ಈ ಕಡೆ ನೋಡುತ್ತಿರಲಿಲ್ಲ. ಬಸ್ಸು, ಲಾರಿ, ಸಾಹೇಬರ ಕಾರು ಎಲ್ಲವೂ ನಿಲ್ಲುತ್ತಿದ್ದವು. ಎಂಟು ತಾಸು ಬೆಂಕಿಯ ಮುಂದೆ ನಿಂತು ಬಂದವರಿಗೆ ಊರು ಕೊಡುತ್ತಿದ್ದ ಮರ್ಯಾದೆ ಅದು. ಆಮೇಲೆ ಕೆಲಸ ಕಡಿಮೆಯಾಯಿತು, ಜನ ಚದುರಿದರು. ಆದರೆ ನಿವೃತ್ತರಾದ ಗಂಡಸರ ಕೈ ಮಾತ್ರ ರಸ್ತೆಯಂಚಿಗೆ ಬಂದೊಡನೆ ತಾನಾಗಿಯೇ ಮೇಲೇಳುತ್ತಿತ್ತು. ಅಲ್ಲಿಯ ಬಸ್ಸಿನವರು ಇವತ್ತಿಗೂ ಕೈ ಕಂಡರೆ ಬ್ರೇಕು ತುಳಿಯುತ್ತಾರೆ. ಹೊರಗಿನವರಿಗೆ ಅದು ಹೇಗೆ ಗೊತ್ತಾಗಬೇಕು?

ಆ ಶನಿವಾರ ಬೆಳಿಗ್ಗೆ ನಾನು ಸ್ನಾನ ಮಾಡಿ ಲಿಂಗಪೂಜೆಗೆ ಕೂತಿದ್ದೆ. ಪೂಜೆ ಮುಗಿಯುವವರೆಗೆ ಫೋನ್ ಮುಟ್ಟುವ ರೂಢಿ ನನಗಿಲ್ಲ. ಅದು ಮೂರು ಸಲ ಹೊಡೆದುಕೊಂಡಿತು. ಮೂರನೆಯದಕ್ಕೆ ಯಜಮಾನರು ತಂದು ಕಿವಿಗೆ ಹಿಡಿದರು.

“ಗಿರಿಜಾ, ನಿಮ್ಮ ಭಾವನಿಗೆ ಕಾರು ಹೊಡೀತು” ಎಂದಳು ಅಕ್ಕ. ಅಳುತ್ತಿರಲಿಲ್ಲ. “ಶಿವಮೊಗ್ಗಕ್ಕೆ ಕರ್ಕೊಂಡು ಬರ್ತಿದೀವಿ. ಹೊಡೆದ ಕಾರಲ್ಲೇ ಬರ್ತಿದೀವಿ. ನೀವು ಆಸ್ಪತ್ರೆ ಹತ್ರ ಬಂದುಬಿಡಿ.”

ನಡೆದದ್ದು ಇಷ್ಟು. ಭಾವ ದಿನಾ ಬೆಳಿಗ್ಗೆ ಪೂಜೆಗೆ ಬಿಲ್ವಪತ್ರೆ ತರಲು ರಸ್ತೆಯಾಚೆಯ ಮರದ ಹತ್ತಿರ ಹೋಗುತ್ತಿದ್ದರು. ಅವತ್ತೂ ಹೋದರು. ಕೊಡೆ ಬಲಗೈಯಲ್ಲಿತ್ತು, ಎಡಗೈ ಎತ್ತಿದರು, ಇಳಿದರು. ಮೂಲೆಯಲ್ಲಿ ಹೂ ಮಾರುವ ಸೆಲ್ವಿ ಎಲ್ಲವನ್ನೂ ಕಣ್ಣಾರೆ ನೋಡಿದ್ದಳು. ಆಮೇಲೆ ನನಗೆ ಹೇಳಿದ್ದೂ ಅವಳೇ. “ಅಣ್ಣ ಕೈ ಎತ್ತಿದಾರೆ ಅಕ್ಕ, ನಾನು ನೋಡ್ದೆ. ಯಾವತ್ತೂ ಎತ್ತೋ ಹಂಗೇ. ಆ ಕಾರು ನಿಲ್ಲುತ್ತೆ ಅಂತ ನಾನೂ ಹೂ ಕಟ್ಟೋದ್ರಲ್ಲೇ ಇದ್ದೆ. ಆಮೇಲೆ ಸೌಂಡು ಬಂತು.”

ಆಸ್ಪತ್ರೆಯ ಬಾಗಿಲಲ್ಲಿ ಆ ಕಾರಿನ ಹುಡುಗ ನಿಂತಿದ್ದ. ಇಪ್ಪತ್ತೇಳು ಇಪ್ಪತ್ತೆಂಟು ವಯಸ್ಸಿರಬೇಕು, ಮೊಣಕಾಲಿನವರೆಗಿನ ಚಡ್ಡಿ, ಹೊಸ ರೇನ್‌ಕೋಟು. ರಾತ್ರಿ ಒಂದು ಗಂಟೆಗೆ ಬೆಂಗಳೂರು ಬಿಟ್ಟಿದ್ದರಂತೆ. ಅವನ ಹೆಂಡತಿ ಹಿಂದಿನ ಸೀಟಿನಲ್ಲಿ ಭಾವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಬಂದಿದ್ದಳು. ಅವಳ ತಿಳಿಹಳದಿ ಬಟ್ಟೆ ನೋಡುವ ಹಾಗಿರಲಿಲ್ಲ. ಅವರ ಜೊತೆ ಬಂದಿದ್ದ ಇನ್ನೊಂದು ಕಾರಿನ ಸ್ನೇಹಿತರು ಜೋಗಕ್ಕೆ ಹೊರಟುಹೋಗಿದ್ದರು.

“ನಿಲ್ತಾರೆ ಅಂದ್ಕೊಂಡೆ ಆಂಟಿ” ಎಂದ. “ಕೈ ಎತ್ತಿದ್ರು. ನನ್ನ ನೋಡಿದಾರೆ, ನಿಲ್ತಾರೆ ಅಂದ್ಕೊಂಡೆ.”

ಬಾಯಿ ತೆರೆದರೆ ಏನು ಬರುತ್ತದೋ ಎಂಬ ಭಯಕ್ಕೆ ನಾನು ಅವನನ್ನು ದಾಟಿ ಒಳಗೆ ಹೋದೆ.

ಬಲಗಾಲಿನ ಮೂಳೆ ಎರಡು ಕಡೆ ಮುರಿದಿತ್ತು, ಪಕ್ಕೆಲುಬು ಮೂರು ಬಿರುಕು ಬಿಟ್ಟಿದ್ದವು. ತಲೆಗೆ ಹೊಲಿಗೆ ಬಿತ್ತು, ಒಳಗೆ ಏನೂ ಆಗಿರಲಿಲ್ಲ. ಸ್ಕ್ಯಾನಿಗೆ ಹೋಗುವ ಮುಂಚೆ ಕೊರಳಿನ ಲಿಂಗ ತೆಗೆಯಬೇಕು ಎಂದು ನರ್ಸಮ್ಮ ಹೇಳಿದರು. ಅಕ್ಕ ತೆಗೆದು ನನ್ನ ಕೈಯಲ್ಲಿಟ್ಟಳು. ನಾನು ಅದನ್ನು ಎರಡು ಗಂಟೆ ಅಂಗೈಯಲ್ಲೇ ಹಿಡಿದು ನಿಂತಿದ್ದೆ. ಕೂತರೆ ಎಲ್ಲಿ ಅಪಚಾರವಾಗುತ್ತದೋ ಎಂದು ಕೂರಲಿಲ್ಲ. ನಿಂತಲ್ಲೇ ಶಿವನ ದಯೆಗಳನ್ನು ಎಣಿಸಿದೆ. ತಲೆ ಉಳಿಯಿತು. ಹುಡುಗ ಓಡಿಹೋಗಲಿಲ್ಲ. ಆ ಹೆಣ್ಣುಮಗಳು ಮಡಿಲು ಕೊಟ್ಟಳು. ಅಕ್ಕ ಮನೆಯಲ್ಲೇ ಇದ್ದಳು, ಮತ್ತೆಲ್ಲೋ ಇದ್ದಿದ್ದರೆ? ನನಗೆ ಚಿಕ್ಕಂದಿನಿಂದ ಇದೊಂದು ರೂಢಿ. ಕಷ್ಟ ಬಂದಾಗ ಬೆರಳು ಮಡಚುತ್ತೇನೆ. ಅವತ್ತು ಒಂದು ಕೈಯ ಬೆರಳು ಸಾಲದೆ ಲಿಂಗ ಹಿಡಿದ ಕೈಗೂ ಬಂದೆ.

ಸಂಜೆ ಪೊಲೀಸರು ಹೇಳಿಕೆ ಕೇಳಿದಾಗ ಭಾವ, “ನಾನೂ ಆ ಕಡೆ ನೋಡ್ಲಿಲ್ಲ ಸ್ವಾಮಿ, ಹಾಗೇ ಬರ್ಕೊಳ್ಳಿ” ಎಂದರು. ಅಕ್ಕನಿಗೆ ಸಿಟ್ಟು ಬಂತು. “ಇವರಿಗೆ ಎಲ್ಲರ ಮೇಲೂ ದಯೆ, ತಮ್ಮ ಮೇಲೊಂದು ಬಿಟ್ಟು” ಎಂದು ಗೋಡೆಯ ಕಡೆ ತಿರುಗಿದಳು.

ಆ ಹುಡುಗನ ವಿಷಯ ಇಲ್ಲಿಗೇ ಮುಗಿಸಿಬಿಡುತ್ತೇನೆ. ಒಂದೆರಡು ವಾರ ದಿನಾ ಸಂಜೆ ಫೋನ್ ಮಾಡಿ ಅಂಕಲ್ ಹೇಗಿದ್ದಾರೆ ಎಂದು ಕೇಳುತ್ತಿದ್ದ. ಭಾವ ಒಮ್ಮೆ ತಾವೇ ಮಾತಾಡಿ, “ಇನ್ಮೇಲೆ ನಿದ್ದೆ ಮಾಡಿ ಹೊರಡಪ್ಪ. ಜೋಗ ಎಲ್ಲೂ ಓಡಿಹೋಗಲ್ಲ” ಎಂದರು. ಎಲ್ಲ ಮುಗಿದ ಮೇಲೆ ಅವನ ಹೆಂಡತಿ ಒಂದು ಸಲ ಫೋನ್ ಮಾಡಿದಳು. ಅವಳೂ ಮಾತಾಡಲಿಲ್ಲ, ನಾನೂ ಮಾತಾಡಲಿಲ್ಲ. ಸ್ವಲ್ಪ ಹೊತ್ತಿಗೆ ಅವಳೇ ಇಟ್ಟಳು. ಕೇಸಿನ ಕಾಗದಪತ್ರ ನಮ್ಮ ಯಜಮಾನರು ನೋಡಿಕೊಂಡರು. ಅದರಲ್ಲಿ ನನಗೆ ಮನಸ್ಸಿರಲಿಲ್ಲ, ಈಗಲೂ ಇಲ್ಲ.

ಆ ದಿನಗಳಲ್ಲಿ ನನ್ನ ಕೆಲಸ ಎಂದರೆ ಬೆಳಿಗ್ಗೆ ಪೂಜೆ, ಗಂಜಿ, ಮೆತ್ತಗಿನ ಅನ್ನ, ಹೆಸರುಬೇಳೆ ತೊವ್ವೆ. ಡಬ್ಬಿ ಕಟ್ಟಿಕೊಂಡು ಮಳೆಯಲ್ಲಿ ಆಸ್ಪತ್ರೆಗೆ ನಡೆಯುವುದು. ವಾರದ ದಿನ ಹತ್ತು ನಿಮಿಷದ ದಾರಿ. ಶನಿವಾರ, ಭಾನುವಾರ ಅದೇ ದಾರಿಗೆ ಅರ್ಧ ಗಂಟೆ. ಒಂದು ರಸ್ತೆ ದಾಟಲು ಹತ್ತು ನಿಮಿಷ ಡಬ್ಬಿ ಎದೆಗವಚಿಕೊಂಡು ನಿಲ್ಲಬೇಕಾಗುತ್ತಿತ್ತು. ಕೆಸರುನೀರು ಹಾರಿಸಿಕೊಂಡು ಕಾರುಗಳು ಹೋಗುತ್ತಿದ್ದವು, ಒಳಗೆ ಹಾಡು, ಕಿಟಕಿಯಿಂದ ಹೊರಗೆ ಚಾಚಿದ ಕಾಲು. ನನ್ನೊಳಗೆ ಏನೋ ಗಟ್ಟಿಯಾಗುತ್ತ ಬಂತು. ಕೋಟೆ ಕಡೆಯ ಈಶ್ವರನ ಗುಡಿಯಲ್ಲಿ ಕೈ ಮುಗಿದಾಗಲೂ ಮನಸ್ಸು ಆ ಕಾರುಗಳನ್ನೇ ಶಪಿಸುತ್ತಿತ್ತು. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ನಿಜ.

ಎರಡನೆಯ ಭಾನುವಾರ ಡಬ್ಬಿ ಹಿಡಿದು ಗೇಟು ದಾಟುತ್ತಿದ್ದೆ. ಒಂದು ಕಾರು ನಿಂತಿತು. ಮುಂದೆ ಕೂತಿದ್ದ ಗಂಡಸು, “ಅಮ್ಮಾ, ಮ್ಯಾಪ್ ತೋರಿಸೋ ರಸ್ತೆ ಬಂದ್ ಆಗಿದೆ. ಜೋಗಕ್ಕೆ ಹೇಗೆ ಹೋಗೋದು?” ಎಂದು ಕೇಳಿದರು. ಹಿಂದಿನ ಸೀಟಿನಲ್ಲಿ ನನಗಿಂತ ವಯಸ್ಸಾದವರೊಬ್ಬರು ಕಿಟಕಿಗೆ ತಲೆ ಒರಗಿಸಿದ್ದರು. ಸಾಗರದ ರಸ್ತೆಗೆ ಎಡಕ್ಕೆ ತಿರುಗಿಸಬೇಕು. ನಾನು ಬಲಗಡೆ ಸವಳಂಗದ ರಸ್ತೆ ತೋರಿಸಿ, “ಹೀಗೇ ನೇರ ಹೋಗಿ” ಎಂದೆ. ಅವರು ಥ್ಯಾಂಕ್ಸ್ ಹೇಳಿ ಹೊರಟರು. ನಾನು ಹಿಂತಿರುಗಿ ನೋಡಲಿಲ್ಲ.

ಆಸ್ಪತ್ರೆಯಲ್ಲಿ ಗಂಜಿ ಕುಡಿಸುವಾಗ ಭಾವನ ಗಲ್ಲದ ಮೇಲೆ ಚೆಲ್ಲಿದೆ. ಅವರು ಚಮಚ ಹಿಡಿದು ನಿಲ್ಲಿಸಿ, “ಏನೇ ಆಯ್ತು?” ಎಂದರು. ಹೇಳಿಬಿಟ್ಟೆ.

“ಯಾವ ರಸ್ತೆ ತೋರಿಸ್ದೆ?”

“ಸವಳಂಗದ್ದು.”

“ಛೇ, ಶಿಕಾರಿಪುರಕ್ಕೆ ಕಳಿಸ್ಬಿಟ್ಯಲ್ಲೇ ಮಾರಾಯ್ತಿ.” ನಗಲು ಹೋಗಿ ಪಕ್ಕೆ ಹಿಡಿದುಕೊಂಡರು. “ಚಿಂತೆ ಮಾಡ್ಬೇಡ. ನಮ್ಮೂರಲ್ಲಿ ಕೇಳದಿದ್ರೂ ದಾರಿ ಹೇಳೋರು ಇದಾರೆ. ಊರು ದಾಟೋದ್ರೊಳಗೆ ಯಾರಾದ್ರೂ ತಿರುಗಿಸಿರ್ತಾರೆ.” ಆಮೇಲೆ, “ವಯಸ್ಸಾದೋರು ಇದ್ರು ಅಂದ್ಯಲ್ಲ. ಅವರಿಗೆ ಪಾಯಿಖಾನೆಗೆ ಕಷ್ಟ ಆಗುತ್ತೆ. ಇನ್ನೊಂದ್ಸಲ ಹಾಗೆ ಮಾಡ್ಬೇಡ” ಎಂದರು.

ಬೈದಿದ್ದರೆ ಹಗುರಾಗುತ್ತಿತ್ತು. ಅವತ್ತು ಮನೆಗೆ ಬಂದು ಲಿಂಗವನ್ನು ಮುಟ್ಟಲು ಕೈ ಬರಲಿಲ್ಲ. ಮತ್ತೆ ಸ್ನಾನ ಮಾಡಿ, ಆ ಕಾರಿನವರು ಕ್ಷೇಮವಾಗಿ ಮುಟ್ಟಿರಲಿ ಎಂದು ಕೇಳಿಕೊಂಡೆ.

ಆ ವಾರ ಭಾವ ಚೇತರಿಸಿಕೊಳ್ಳತೊಡಗಿದರು. ಗೋಡೆಗೆ ಒರಗಿ ಕೂತರು, ವಾಕರು ಹಿಡಿದು ಎರಡು ಹೆಜ್ಜೆ ಇಟ್ಟರು. ಗುರುವಾರ ಭೀಮನ ಅಮಾವಾಸ್ಯೆ. ಆ ದಿನ ಹೆಂಡತಿ ಗಂಡನ ಪಾದ ತೊಳೆದು ಪೂಜೆ ಮಾಡುವ ಪದ್ಧತಿ. ಆಸ್ಪತ್ರೆಯಲ್ಲಿ ಹೇಗೆ ಎಂದು ನಾನು ಅನುಮಾನಿಸಿದೆ. ಅಕ್ಕ ಕೇಳಲಿಲ್ಲ. ಒಂದು ಸ್ಟೀಲ್ ತಟ್ಟೆ, ಒಂದು ಲೋಟ ಬೆಚ್ಚಗಿನ ನೀರು, ಸೆಲ್ವಿ ಬಸ್ಸಿನಲ್ಲಿ ಕೊಟ್ಟು ಕಳಿಸಿದ್ದ ಸೇವಂತಿಗೆ ಇಷ್ಟನ್ನೇ ಇಟ್ಟುಕೊಂಡು ಕೂತಳು. ಎಡಪಾದ ತೊಳೆದಳು, ವಿಭೂತಿ ಹಚ್ಚಿದಳು, ಹೂವಿಟ್ಟಳು. ಬಲಪಾದದ ಮೇಲೆ ಬೆರಳು ಕಾಣುವಷ್ಟು ಬಿಟ್ಟು ಪ್ಲಾಸ್ಟರ್ ಇತ್ತು. ಅವಳು ಪ್ಲಾಸ್ಟರಿನ ಮೇಲೆಯೇ ಕುಂಕುಮ ಇಟ್ಟಳು.

“ಅದಕ್ಕೆ ಹಬ್ಬಕ್ಕೆ ಅಂತಲೇ ಸುಣ್ಣ ಬಳ್ದಿದಾರೆ, ನೋಡು” ಎಂದರು ಭಾವ.

“ಸುಮ್ನಿರಿ” ಎಂದಳು ಅಕ್ಕ. ಪಕ್ಕದ ಮಂಚದವರ ಹೆಂಡತಿ, “ಶಾಂತಮ್ಮ, ಹಾಗೇ ಒಂದು ಹೂವು ನನಗೂ ಕೊಡ್ರಿ, ನಮ್ಮೋರ ಕಾಲಿಗೂ ಇಡ್ತೀನಿ” ಎಂದರು. ಆ ವಾರ್ಡಿನಲ್ಲಿ ನಾಲ್ಕು ಜೋಡಿ ಪಾದಕ್ಕೆ ಅವತ್ತು ಹೂವು ಬಿತ್ತು. ಸೋಮವಾರ ಮನೆಗೆ ಹೋಗಬಹುದು ಎಂದು ಡಾಕ್ಟರು ಹೇಳಿದರು. ಶ್ರಾವಣದ ಮೊದಲ ಸೋಮವಾರ. ಇದಕ್ಕಿಂತ ಇನ್ನೇನು ದಯೆ ಬೇಕು ಎಂದು ನಾನು ಆ ರಾತ್ರಿ ಹೊಟ್ಟೆ ತುಂಬ ಉಂಡೆ.

ಭಾನುವಾರ ಬೆಳಿಗ್ಗೆ ಅಕ್ಕ ಅವರಿಗೆ ಕಾಫಿ ಕುಡಿಸಿದ್ದಳು. ಎದೆ ಒಂದು ಥರಾ ಆಗುತ್ತಿದೆ ಎಂದರಂತೆ. ನರ್ಸಮ್ಮ ಓಡಿಬಂದರು, ಡಾಕ್ಟರು ಬಂದರು, ಮಾಡಬೇಕಾದ್ದನ್ನೆಲ್ಲ ಮಾಡಿದರು. ಕಾಲಿನಲ್ಲಿ ಹೆಪ್ಪುಗಟ್ಟಿದ್ದ ರಕ್ತ ಎದೆಗೆ ಹೋಗಿತ್ತಂತೆ. ಒಮ್ಮೊಮ್ಮೆ ಹೀಗಾಗುತ್ತದೆ, ನಾವು ಔಷಧಿ ಕೊಡುತ್ತಲೇ ಇದ್ದೆವು ಎಂದು ಡಾಕ್ಟರು ನಮ್ಮ ಯಜಮಾನರ ಭುಜ ಹಿಡಿದು ಹೇಳಿದರು. ನಾನು ತೊವ್ವೆಯ ಡಬ್ಬಿ ಹಿಡಿದು ರಸ್ತೆ ದಾಟಲು ಕಾಯುತ್ತ ನಿಂತಿದ್ದೆ. ನಾನು ಹೋಗಿ ಮುಟ್ಟುವಾಗ ಮುಖದ ಮೇಲೆ ಬಟ್ಟೆ ಎಳೆದಿದ್ದರು. ಆ ಹತ್ತು ನಿಮಿಷ ನಿಲ್ಲದೆ ದಾಟಿದ್ದರೆ ಉಸಿರು ಇರುವಾಗ ಮುಖ ನೋಡುತ್ತಿದ್ದೆನೋ ಏನೋ. ನೋಡಿದ್ದರೆ ಏನಾಗುತ್ತಿತ್ತು ಎಂದು ನೀವು ಕೇಳಬಹುದು. ನನಗೂ ಗೊತ್ತಿಲ್ಲ. ಅವತ್ತು ಬೆರಳು ಮಡಚಲು ಹೋದೆ. ಕಾಫಿ ಕುಡಿದು ಹೋದರು ಎನ್ನುವುದೊಂದು ಸಿಕ್ಕಿತು. ಅದರಾಚೆ ಹೋಗಲಿಲ್ಲ.

ಮಧ್ಯಾಹ್ನ ಭಾವನನ್ನು ಭದ್ರಾವತಿಗೆ ಒಯ್ಯುವ ಆಸ್ಪತ್ರೆಯ ಗಾಡಿ ಹೊರಟಿತು. ಡ್ರೈವರು ಭದ್ರಾವತಿಯವನೇ, ಭಾವನನ್ನು ಮುಖ ನೋಡಿ ಬಲ್ಲವನು. ಯಜಮಾನರು ಏರ್ಪಾಡು ನೋಡಲು ಮೊದಲೇ ಹೋಗಿದ್ದರು. ಹಿಂದೆ ಭಾವನ ಪಕ್ಕ ಅಕ್ಕ, ಅವಳ ಎದುರು ನಾನು. ಗಾಡಿ ಕುಲುಕಿದಾಗ ಅಲುಗದಿರಲಿ ಎಂದು ಅಕ್ಕ ಅವರ ಎದೆಯ ಮೇಲೆ ಕೈ ಇಟ್ಟಿದ್ದಳು. ಭಾನುವಾರದ ಮಧ್ಯಾಹ್ನವೆಂದರೆ ಜೋಗ ನೋಡಿದವರು ಬೆಂಗಳೂರಿಗೆ ಹಿಂತಿರುಗುವ ಹೊತ್ತು. ಅವರ ದಾರಿಯೂ ನಮ್ಮ ದಾರಿಯೂ ಒಂದೇ ಆಯಿತು.

ಭದ್ರಾವತಿಗೆ ಸ್ವಲ್ಪ ಮೊದಲು ರೈಲ್ವೆ ಗೇಟು ಹಾಕಿತ್ತು. ಗೇಟಿನಲ್ಲಿ ನಮ್ಮ ಕಡೆಯವರು ಎಡಕ್ಕೆ ಒಂದೇ ಸಾಲು ನಿಲ್ಲುತ್ತಾರೆ, ಎದುರಿನವರಿಗೆ ಬಲಗಡೆ ಬಿಡುತ್ತಾರೆ. ನಮ್ಮ ಡ್ರೈವರೂ ಹಾಗೇ ಸಾಲಿನಲ್ಲಿ ನಿಂತ. ಹಿಂದಿನಿಂದ ಬಂದ ಕಾರುಗಳು ಒಂದೊಂದಾಗಿ ಬಲಗಡೆಯಿಂದ ಮುಂದೆ ನುಗ್ಗಿ ರಸ್ತೆಯ ಆ ಅರ್ಧವನ್ನೂ ತುಂಬಿದವು. ರೈಲು ಹೋಯಿತು. ಗೇಟು ಎದ್ದಿತು. ಎದುರು ಕಡೆಯ ಬಸ್ಸಿಗೆ ಬರಲು ಜಾಗವಿಲ್ಲ, ಇವರಿಗೆ ಹೋಗಲು ಜಾಗವಿಲ್ಲ. ಎಲ್ಲರೂ ಹಾರ್ನ್ ಹಿಡಿದುಕೊಂಡರು. ನಮ್ಮ ಮುಂದಿದ್ದ ಲಾರಿ ಹೇಗೋ ನುಸುಳಿತು. ನಾವು ಹೊರಡುವಷ್ಟರಲ್ಲಿ ಬಲಗಡೆಯ ಕಾರೊಂದು ಮೂತಿ ತೂರಿಸಿ ಅಡ್ಡ ನಿಂತಿತು.

ನಾನು ಇಳಿದೆ. ಎರಡು ವಾರದಿಂದ ಕಟ್ಟಿಟ್ಟುಕೊಂಡ ಮಾತೆಲ್ಲ ನಾಲಿಗೆಯ ತುದಿಯಲ್ಲಿತ್ತು. ಗಾಜು ಬಡಿಯುವ ಮೊದಲೇ ಆ ಕಾರಿನ ಹೆಂಗಸು ಗಾಜು ಇಳಿಸಿದಳು. ಹಿಂದೆ ಎರಡು ಮಕ್ಕಳು ಒಂದರ ಮೇಲೊಂದು ಒರಗಿ ಮಲಗಿದ್ದವು.

“ಆಂಟಿ, ನಿಮ್ಮ ಡ್ರೈವರ್‌ಗೆ ಒಂಚೂರು ಹಿಂದೆ ತಗೊಳ್ಳೋಕೆ ಹೇಳ್ತೀರಾ? ನಾವು ಬೆಂಗಳೂರು ಮುಟ್ಟಬೇಕು. ನಾಳೆ ಮಕ್ಕಳಿಗೆ ಸ್ಕೂಲು.”

ನಮ್ಮದು ಯಾವ ಗಾಡಿ ಎಂದು ಅವಳು ಮಳೆಯಲ್ಲಿ ನೋಡಿರಲಿಲ್ಲ. ನಾನು ಬಾಯಿ ತೆರೆದೆ. ಅಷ್ಟರಲ್ಲಿ ನಮ್ಮ ಗಾಡಿಯೊಳಗಿನಿಂದ ಅಕ್ಕ, “ಏನಂತೆ ಗಿರಿಜಾ?” ಎಂದಳು.

“ಹಿಂದೆ ತಗೋಬೇಕಂತೆ, ನಾವು. ಅವರಿಗೆ ಅವಸರವಂತೆ.”

ಅಕ್ಕ ಡ್ರೈವರಿನ ಕಡೆಗೆ ತಿರುಗಿ, “ತಗೊಳಪ್ಪ” ಎಂದಳು. “ನಮಗೆ ಇನ್ಯಾವ ಅವಸರ ಇದೆ.”

ನಾನು ಬಂದು ಒಳಗೆ ಕೂತೆ. ಗಾಡಿ ಹಿಂದೆ ಸರಿಯಿತು. ಆ ಕಾರು ಎಡಕ್ಕೆ ಸೇರಿಕೊಂಡು ಹಳಿ ದಾಟಿತು. ಅದರ ಬೆನ್ನಿಗೆ ಇನ್ನೊಂದು ಬಂತು. ಡ್ರೈವರು ಕನ್ನಡಿಯಲ್ಲಿ ಅಕ್ಕನ ಮುಖ ನೋಡಿದ. “ಅದನ್ನೂ ಬಿಡಪ್ಪ” ಎಂದಳು. ಅವನು ನಿಂತ. ಮತ್ತೊಂದು ಬಂತು, ಮತ್ತೊಂದು. ಅಕ್ಕನ ಕೈ ಭಾವನ ಎದೆಯ ಮೇಲೆ ಹಾಗೇ ಇತ್ತು. ಬಲಗಡೆಯ ರಸ್ತೆ ನಿಧಾನವಾಗಿ ಖಾಲಿಯಾಗಿ ಎದುರಿನ ಬಸ್ಸು ಈಚೆ ಬಂತು. ನಾನು ಎಣಿಸುತ್ತಿದ್ದೆ. ಹನ್ನೊಂದು ಕಾರು ಹೋದವು. ಹನ್ನೆರಡನೆಯದು ನಾವು.